ಓದುಗರ ಕಟ್ಟೆ: ಚೀನೀ ಕವಿತೆ ಕೇಳೋಕೆ ಚೀನೀ ಭಾಷೆ ಬರಬೇಕಾ?

ಹೋದ ಸಂಚಿಕೆಯಲ್ಲಿ ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ನಡೆದ ಚೀನೀ ಕವಿತೆಯ ಸಂಜೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕವಿತೆ ಓದೋದು, ಆಮೇಲೆ ಕೂತು ಅದರ ಬಗ್ಗೆ ಮಾತಾಡೋದು, ಅಷ್ಟೇ ಕಾರ್ಯಕ್ರಮ. ಅದೇ ಗೆಳೆಯರ ಬಳಗ ಮುಂದಿನ ತಿಂಗಳು ಮತ್ತೆ ಸೇರುತ್ತಿದೆ ಅಂತ ಹೇಳಿದ್ದೇ ತಡ, ಪತ್ರಗಳು ಬಂದವು. ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ನಾನು ವಿಜಯನಗರದವಳು, ಬ್ಯಾಂಕಿನಲ್ಲಿ ಕೆಲಸ. ಕನ್ನಡ ಕವಿತೆ ಓದುತ್ತೇನೆ. ಚೀನೀ ಭಾಷೆಯ ಒಂದು ಅಕ್ಷರವೂ ಗೊತ್ತಿಲ್ಲ. ಗೆಳತಿ ಆ ಸಂಜೆಗೆ ಬಾ ಅಂತ ಒಂದೇ ಸಮ ಕರೆಯುತ್ತಿದ್ದಾಳೆ. ಅರ್ಥವಾಗದ ಭಾಷೆಯನ್ನು ಎರಡು ಗಂಟೆ ಸುಮ್ನೆ ಕೇಳಿ ಬರೋದಾ? ಅನುವಾದವನ್ನು ಮನೆಯಲ್ಲೇ ಓದಿಕೊಂಡರೆ ಸಾಲದಾ?

ಸಾಲದು. ಹೋಗಿ ಬನ್ನಿ.

ನೀವು ಗಮಕ ಕೇಳಿದ್ದೀರಾ? ಗಮಕಿ ಒಂದು ಷಟ್ಪದಿ ಹಾಡುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ, ಮತ್ತೆ ಅದೇ ಪದ್ಯ ಕಿವಿಗೆ ಬೀಳುತ್ತದೆ. ಮೊದಲ ಸಲ ಬರೀ ನಾದ. ಎರಡನೇ ಸಲ ಅದೇ ನಾದದೊಳಗೆ ಮಾತು ಕಾಣಿಸುತ್ತದೆ. ಕುಮಾರವ್ಯಾಸನನ್ನು ಹೀಗೆ ಕೇಳಿ ಬೆಳೆದವರಿಗೆಲ್ಲ ಪ್ರತಿ ಪದದ ಅರ್ಥ ಮೊದಲೇ ಗೊತ್ತಿತ್ತು ಅಂತೇನಿಲ್ಲ, ಅಲ್ವಾ? ಆ ಸಂಜೆಯೂ ಹಾಗೇ ಇತ್ತು. ಓದಿದವರು ಚೀನೀ ಕಲಿಸುವ ಒಬ್ಬ ಟೀಚರ್. ಬಿಡಿಸಿ ಹೇಳಿದವರು ಆ ಭಾಷೆ ಕಲಿತ ನಮ್ಮವರೇ ಒಬ್ಬರು. ಮೂವತ್ತು ಕುರ್ಚಿ, ಮೈಕ್ ಇರಲಿಲ್ಲ.

ಮೊದಲು ಓದಿದ್ದು ಲಿ ಬಾಯ್‌ನ ಪುಟ್ಟ ಪದ್ಯ. ಲಿ ಬಾಯ್ ಇದ್ದದ್ದು 701ರಿಂದ 762ರವರೆಗೆ, ಟಾಂಗ್ ದೊರೆಗಳ ಕಾಲದಲ್ಲಿ. ನಮ್ಮ ಪಂಪನಿಗಿಂತ ಇನ್ನೂರು ವರ್ಷ ಹಿಂದಿನವನು. ನಾಲ್ಕು ಸಾಲು, ಸಾಲಿಗೆ ಐದು ಅಕ್ಷರ, ಒಟ್ಟು ಇಪ್ಪತ್ತೇ ಅಕ್ಷರ. ಟೀಚರ್ ಓದುವಾಗ ತೋರುಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದರು: ಒಂದು ನೇರ, ಒಂದು ಮೇಲಕ್ಕೆ, ಒಂದು ಕೆಳಗಿಳಿದು ಮೇಲೇರುವ ಬಾಗು, ಒಂದು ಕೆಳಕ್ಕೆ. ಇವತ್ತಿನ ಮ್ಯಾಂಡರಿನ್‌ನ (ಅದೇ ಈಗಿನ ಪ್ರಮುಖ ಚೀನೀ ಮಾತು) ನಾಲ್ಕು ಸ್ವರಗಳು ಇವೇ. 'ಮಾ' ಅನ್ನುವ ಒಂದೇ ಸದ್ದು ಬೆರಳು ಹೋದ ದಿಕ್ಕಿನ ಮೇಲೆ ತಾಯಿ ಆಗುತ್ತದೆ, ನಾರಿನ ಗಿಡ ಆಗುತ್ತದೆ, ಕುದುರೆ ಆಗುತ್ತದೆ, ಬೈಯುವುದೂ ಆಗುತ್ತದೆ. ನಮ್ಮಲ್ಲೂ 'ಹೌದಾ' ಅನ್ನೋದನ್ನು ಹತ್ತು ಥರ ಹೇಳಬಹುದು, ಆದರೆ ಅದರಲ್ಲಿ ಬದಲಾಗೋದು ಮನಸ್ಸಿನ ಭಾವ. ಅಲ್ಲಿ ಪದವೇ ಬದಲಾಗಿಬಿಡುತ್ತದೆ.

ನನ್ನ ಮುಂದಿನ ಸಾಲಿನಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಕೂತಿದ್ದರು. ಅವರ ಹೆಬ್ಬೆರಳು ತಾನಾಗಿಯೇ ಬೆರಳ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು, ಮಾತ್ರೆ ಎಣಿಸುವವರ ಹಾಗೆ. ಎರಡು ಅಕ್ಷರ, ಒಂದು ಚಿಕ್ಕ ನಿಲುಗಡೆ, ಆಮೇಲೆ ಮೂರು. ಐದಕ್ಷರದ ಸಾಲು ಮುರಿಯೋದೇ ಹಾಗೆ ಅಂತ ನಮಗೆ ಹೇಳಿದ್ದು ಅರ್ಧ ಗಂಟೆ ಆದಮೇಲೆ. ಅವರ ಬೆರಳಿಗೆ ಆಗಲೇ ಗೊತ್ತಾಗಿತ್ತು. ಪ್ರಾಸವೂ ಅಷ್ಟೇ, ಗುವಾಂಗ್, ಶುವಾಂಗ್, ಕೊನೆಗೆ ಶ್ಯಾಂಗ್, ಯಾರೂ ಹೇಳಿಕೊಡದೆ ಕಿವಿಗೆ ಬಂತು. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಕೂರೋದು ಸಾಲಿನ ಎರಡನೇ ಅಕ್ಷರದಲ್ಲಿ, ಅವರದ್ದು ಸಾಲಿನ ಕೊನೆಯಲ್ಲಿ.

ಆಮೇಲೆ ಬಿಡಿಸುವ ಕೆಲಸ ಶುರುವಾಯಿತು. ಪದಕ್ಕೆ ಪದ ಇಟ್ಟರೆ ಹೀಗೆ ಬರುತ್ತದೆ: ಹಾಸಿಗೆ ಮುಂದೆ ಬೆಳ್ಳನೆ ಚಂದ್ರ ಬೆಳಕು, ನೆಲದ ಮೇಲಿನ 'ಶುವಾಂಗ್' ಇರಬಹುದೇ ಅನ್ನುವ ಅನುಮಾನ, ಎತ್ತಿದ ತಲೆ ಬೆಳ್ಳನೆ ಚಂದ್ರ, ಬಗ್ಗಿದ ತಲೆ ಹಳೆಯ ಊರು. ಈ 'ಶುವಾಂಗ್'ಗೆ ಕನ್ನಡದಲ್ಲಿ ಏನನ್ನೋಣ? ಹಿಮ ಅಂದರೆ ಬೆಟ್ಟದ ಮೇಲಿನ ರಾಶಿ ಕಣ್ಣಿಗೆ ಬರುತ್ತದೆ. ಇಬ್ಬನಿ ಅಂದರೆ ಹನಿ. ಇದು ಎರಡೂ ಅಲ್ಲ. ಕೊರೆಯುವ ಚಳಿಗೆ ನೆಲದ ಮೇಲೆ ಬೆಳ್ಳಗೆ ಪುಡಿಪುಡಿಯಾಗಿ ಹೆಪ್ಪುಗಟ್ಟುವ ತೇವ ಅದು. ಹಿಂದಿನಿಂದ ಒಬ್ಬ ಹೆಂಗಸು, "ರಂಗೋಲಿ ಪುಡಿ ಚೆಲ್ಲಿದ ಹಾಗೆ ಅಂದರೆ ಆಗಲ್ವಾ?" ಅಂದರು. ಎಲ್ಲರಿಗೂ ಹಿಡಿಸಿತು, ನನಗೂ. ಬಿಳಿ, ನುಣುಪು, ನೆಲದ ಮೇಲೆಯೇ ಇರುವಂಥದ್ದು. ಸ್ವಲ್ಪ ಹೊತ್ತು ಬಿಟ್ಟು ಮೇಷ್ಟ್ರು ತಿರುಗಿ ಹೇಳಿದರು: "ರಂಗೋಲಿ ಇರೋದು ಮನೆ ಮುಂದೆ. ಇವನು ಮನೆಯಲ್ಲಿಲ್ಲವಲ್ಲ ತಾಯಿ."

ಆ ಮಾತಿಗೆ ಮಹಡಿಯೆಲ್ಲ ಸುಮ್ಮನಾಯಿತು. ಊರು ಬಿಟ್ಟವನ ಪದ್ಯ ಅದು. ಆ ಬಿಳುಪು ಚಳಿಯದ್ದು, ಪರಸ್ಥಳದ್ದು, ವರ್ಷ ಮುಗಿಯುತ್ತಾ ಬಂತು ಅಂತ ಹೇಳುವಂಥದ್ದು. ರಂಗೋಲಿ ಹಾಕಿದರೆ ಅವನನ್ನು ಎರಡನೇ ಸಾಲಿಗೇ ಮನೆಗೆ ಕರೆತಂದ ಹಾಗಾಯಿತು, ಪದ್ಯ ಅಲ್ಲಿಗೆ ಮುಗಿದೇ ಹೋಯಿತು. ಕೊನೆಗೆ 'ಹೆಪ್ಪುಗಟ್ಟಿದ ಇಬ್ಬನಿ' ಅಂತ ಒಪ್ಪಿಕೊಂಡೆವು. ಅಲ್ಲಿ ಒಂದೇ ಅಕ್ಷರ, ಇಲ್ಲಿ ಎಂಟು.

ಇನ್ನೂ ಒಂದು ಗಂಟು ಇತ್ತು. ಇಪ್ಪತ್ತು ಅಕ್ಷರದಲ್ಲಿ 'ನಾನು' ಎಲ್ಲೂ ಇಲ್ಲ. ಕನ್ನಡದಲ್ಲೂ ನಾವು 'ನಾನು' ಬಿಡುತ್ತೇವೆ, ಆದರೆ ಕ್ರಿಯಾಪದ ಬಿಡೋದಿಲ್ಲ. 'ನೆನೆದೆ' ಅಂದರೆ ನಾನು ಬಂದುಬಿಟ್ಟೆ, 'ನೆನೆದ' ಅಂದರೆ ಅವನು. ಯಾರದ್ದೂ ಆಗಬಹುದಾದ ನೆನಪನ್ನು ಹೇಗೆ ಹೇಳೋದು? ಕಿಟಕಿ ಹತ್ತಿರ ಕೂತಿದ್ದ ಒಬ್ಬ ಕಾಲೇಜು ಹುಡುಗ ಮೆಲ್ಲಗೆ ಹೇಳಿದ: "ತಲೆ ಎತ್ತಿದರೆ ಚಂದ್ರ, ತಗ್ಗಿಸಿದರೆ ಊರು." ಕ್ರಿಯಾಪದದ ಬಾಲವೇ ಇಲ್ಲ. ಟೀಚರಿಗೆ ಅದನ್ನು ವಿವರಿಸಿದಾಗ ಅವರು ಆ ಹುಡುಗನಿಂದ ಕನ್ನಡ ಸಾಲನ್ನು ಎರಡು ಸಲ ಹೇಳಿಸಿಕೊಂಡರು, ತಾವೂ ಹೇಳಿದರು, ಆಮೇಲೆ ಮೂಲವನ್ನು ಮತ್ತೆ ಓದಿದರು. ಆಗ ನನಗೆ ಅದು ಬೇರೆ ಭಾಷೆ ಅಂತ ಅನ್ನಿಸಲಿಲ್ಲ.

ಮನೆಯಲ್ಲಿ ಅನುವಾದ ಓದಿದರೆ ನಿಮಗೆ ಆ ಕೊನೆಯ ಸಾಲು ಸಿಗುತ್ತದೆ. ಬೇಡ ಅಂತ ಬಿಟ್ಟ ರಂಗೋಲಿ ಸಿಗುವುದಿಲ್ಲ. ಅದಕ್ಕೇ ಹೋಗಿ ಅಂದದ್ದು.

ಪ್ರಶ್ನೆ: ಕವಿತೆಗೆ ಚಪ್ಪಾಳೆ ಯಾವಾಗ ತಟ್ಟಬೇಕು? ಮಧ್ಯೆ ಪ್ರಶ್ನೆ ಕೇಳಬಹುದಾ? (ಜಯನಗರದ ಓದುಗರು)

ಪದ್ಯ ಮುಗಿದ ತಕ್ಷಣ ಚಪ್ಪಾಳೆ ಬೇಡ. ಕೊನೆಯ ಅಕ್ಷರ ಕಿವಿಯಲ್ಲಿ ಒಂದು ಕ್ಷಣ ನಿಲ್ಲಲಿ. ಮೊದಲ ಓದಿನ ಮಧ್ಯೆ ಪ್ರಶ್ನೆ ಬೇಡ, ಆಮೇಲೆ ಎಷ್ಟು ಬೇಕಾದರೂ ಕೇಳಿ. "ಕವಿ ಏನು ಹೇಳಲು ಹೊರಟಿದ್ದಾನೆ?" ಅಂತ ಕೇಳೋದಕ್ಕಿಂತ "ಆ ಸಾಲಿನಲ್ಲಿ ಯಾವ ಪದ ಮೊದಲು ಬರುತ್ತದೆ?" ಅಂತ ಕೇಳಿ ನೋಡಿ, ಜಾಸ್ತಿ ಸಿಗುತ್ತದೆ. ಮೊಬೈಲ್ ಚೀಲದಲ್ಲಿರಲಿ. ಮೆಟ್ರೊದಲ್ಲಿ ಬರುವವರಿಗೆ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣ ಹತ್ತಿರ.

ಪ್ರಶ್ನೆ: ನನ್ನ ಅಣ್ಣನ ಮಗ ಸೇನೆಯಲ್ಲಿದ್ದಾನೆ. ಗಡಿಯಲ್ಲಿ ನಮ್ಮ ಹುಡುಗರು ಸತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಚೀನಾದ ಕವಿತೆ ಕೇಳಿ ಚಪ್ಪಾಳೆ ಹೊಡೆಯೋದು ಸರಿಯಾ? (ಹೆಸರು ಬೇಡ ಎಂದವರು)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹೋದರು. ಅದನ್ನು ಮರೆತು ಬನ್ನಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ರಾತ್ರಿ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ ಅಂತ ಬರೆದಿದ್ದೀರಿ. ಆ ಸಂಜೆ ಓದಿದ ಎರಡನೇ ಕವಿತೆ ಅದೇ ಎದೆಬಡಿತದ್ದು, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕವಿ ದು ಫು, 712ರಿಂದ 770. 755ರಲ್ಲಿ ಅಲ್ಲಿ ಆನ್ ಲುಶಾನ್ ಅನ್ನುವ ಸೇನಾಪತಿ ದಂಗೆ ಎದ್ದ. ಎಂಟು ವರ್ಷ ದೇಶ ಹೊತ್ತಿ ಉರಿಯಿತು. ದಂಗೆ ಎದ್ದ ಆ 755ರ ಕೊನೆಯಲ್ಲಿ ದು ಫು ಹೆಂಡತಿ ಮಕ್ಕಳಿದ್ದ ಮನೆಗೆ ಹೋದರೆ ಒಳಗಿಂದ ಅಳು ಕೇಳಿಸಿತು, ಅವನ ಹಸುಗೂಸು ಹಸಿವಿನಿಂದ ಸತ್ತಿತ್ತು. ಅದನ್ನು ಅವನೇ ಕವಿತೆಯಲ್ಲಿ ಬರೆದಿಟ್ಟಿದ್ದಾನೆ. 757ರ ವಸಂತದಲ್ಲಿ ದಂಗೆಕೋರರ ಕೈಯಲ್ಲಿದ್ದ ರಾಜಧಾನಿ ಚಾಂಗಾನ್‌ನಲ್ಲಿ ಸಿಕ್ಕಿಬಿದ್ದು ಬರೆದ ಪದ್ಯ ನಾವು ಕೇಳಿದ್ದು. ದೇಶ ಮುರಿದಿದೆ, ಬೆಟ್ಟ ಹೊಳೆ ಹಾಗೇ ಇವೆ. ಪಟ್ಟಣಕ್ಕೆ ವಸಂತ ಬಂದಿದೆ, ಹುಲ್ಲು ಗಿಡ ಎದೆಯೆತ್ತರ. ಅಂದರೆ ಅದನ್ನು ತುಳಿಯೋಕೆ, ಕೀಳೋಕೆ ಜನ ಉಳಿದಿಲ್ಲ. ಆಮೇಲೆ ಒಂದು ಜೋಡಿ ಸಾಲು ಬರುತ್ತದೆ. ಮೇಲಿನ ಸಾಲಿನ ಒಂದೊಂದು ಪದಕ್ಕೂ ಕೆಳಗಿನ ಸಾಲಿನಲ್ಲಿ ಎದುರು ಪದ: ಕಾವಲು ಬೆಂಕಿಗೆ (ಶತ್ರು ಬಂದನೆಂದು ಎಚ್ಚರಿಸುವ ಬೆಂಕಿ) ಎದುರಾಗಿ ಮನೆಯ ಕಾಗದ, ಮೂರು ತಿಂಗಳಿಗೆ ಎದುರಾಗಿ ಹತ್ತು ಸಾವಿರ ಚಿನ್ನ. ಮೂರು ತಿಂಗಳಿಂದ ಕಾವಲು ಬೆಂಕಿ ಆರಿಲ್ಲ, ಮನೆಯಿಂದ ಬರುವ ಒಂದು ಕಾಗದಕ್ಕೆ ಹತ್ತು ಸಾವಿರ ಚಿನ್ನದ ಬೆಲೆ. ನಮ್ಮಲ್ಲಿ ಲಘು, ಗುರು ಇದ್ದ ಹಾಗೆ ಆ ಪದ್ಯಗಳಲ್ಲಿ 'ಪಿಂಗ್', 'ಝೆ' ಅಂತ ಇದೆ, ಸಮ ಸ್ವರ, ಓರೆ ಸ್ವರ. ಜೋಡಿ ಸಾಲಿನ ಆಯಕಟ್ಟಿನ ಜಾಗಗಳಲ್ಲಿ ಮೇಲೆ ಸಮ ಇದ್ದರೆ ಕೆಳಗೆ ಓರೆ. ಬೆಂಕಿ ಒಂದು ತಟ್ಟೆ, ಕಾಗದ ಇನ್ನೊಂದು ತಟ್ಟೆ, ತಕ್ಕಡಿ ಕಿವಿಯಲ್ಲೇ ತೂಗುತ್ತದೆ.

ಸೇನೆಗೆ ಗಂಡು ಮಕ್ಕಳನ್ನು ಎಳೆದೊಯ್ಯುವ ಬಗ್ಗೆಯೂ ದು ಫು ಬರೆದಿದ್ದಾನೆ. ಅದರಲ್ಲಿ ಅಪ್ಪ, ಅಮ್ಮ, ಹೆಂಡತಿ ದಾರಿಯುದ್ದಕ್ಕೂ ಓಡಿ ಬಟ್ಟೆ ಹಿಡಿದೆಳೆದು ಅಳುತ್ತಾರೆ. ಗಡಿ ಹಿಗ್ಗಿಸುವ ದೊರೆಯ ಆಸೆಯನ್ನು ಅವನು ಅದೇ ಕವಿತೆಯಲ್ಲಿ ಪ್ರಶ್ನಿಸುತ್ತಾನೆ.

ಚಪ್ಪಾಳೆಯ ವಿಷಯ. ದು ಫು ಪದ್ಯ ಮುಗಿದಾಗ ಯಾರೂ ತಟ್ಟಲಿಲ್ಲ. ನೀವು ಬರಲೇಬೇಕು ಅಂತ ಒತ್ತಾಯವಿಲ್ಲ. ಬಂದರೆ ನಿಮ್ಮ ಅಣ್ಣನ ಮಗನ ಬಗ್ಗೆ ಅಲ್ಲಿ ಮಾತಾಡಿ, ಆ ಮಾತಿಗೆ ಅಲ್ಲಿ ಜಾಗವಿದೆ.

ಪ್ರಶ್ನೆ: ಅವರಿಗೂ ನಮಗೂ ಕವಿತೆಯಲ್ಲಿ ಏನಾದರೂ ಹಳೆಯ ನಂಟು ಇದೆಯಾ? (ಮಲ್ಲೇಶ್ವರ)

ಇದೆ, ಹೆಸರಿನಲ್ಲೇ ಇದೆ. ಟಾಂಗ್ ಕಾಲದ ಇನ್ನೊಬ್ಬ ದೊಡ್ಡ ಕವಿ ವಾಂಗ್ ವೇಯ್. ಅವನ ಹೆಸರು ವೇಯ್, ದೊಡ್ಡವನಾದ ಮೇಲೆ ಇಟ್ಟುಕೊಂಡ ಹೆಸರು ಮೊಜ್ಯೆ. ಎರಡನ್ನೂ ಸೇರಿಸಿ ಹೇಳಿ: ವೇಯ್‌ಮೊಜ್ಯೆ. ಅದು ವೈಶಾಲಿಯ ಬೌದ್ಧ ಗೃಹಸ್ಥ ವಿಮಲಕೀರ್ತಿಯ ಚೀನೀ ಹೆಸರು. ಅಂದರೆ ಈ ಕವಿ ನಮ್ಮ ಕಡೆಯ ಒಬ್ಬನ ಹೆಸರನ್ನು ಎರಡು ತುಂಡು ಮಾಡಿ ತನ್ನ ಹೆಸರಾಗಿ ಇಟ್ಟುಕೊಂಡಿದ್ದಾನೆ! ಇನ್ನು, 5ನೇ ಶತಮಾನದ ಕೊನೆಯಲ್ಲಿ ಶೆನ್ ಯುಎ ಅನ್ನುವ ಚೀನೀ ಕವಿ ಮತ್ತವನ ಗೆಳೆಯರು ಸ್ವರಗಳನ್ನು ಹೆಸರಿಸಿ ಪದ್ಯಕ್ಕೆ ನಿಯಮ ಕಟ್ಟಿದರು. ಅದರ ಹಿಂದೆ ಬೌದ್ಧ ಸಂಸ್ಕೃತ ಪಠಣದ ಕೈ ಇದೆ ಅಂತ ವಿಕ್ಟರ್ ಮೇರ್ ಮತ್ತು ತ್ಸು-ಲಿನ್ ಮೇ ಅನ್ನುವ ಇಬ್ಬರು ವಿದ್ವಾಂಸರು 1991ರಲ್ಲಿ ವಾದ ಮಂಡಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿದ್ದಾರೆ ಅಂತಲ್ಲ. ಆದರೆ ಲಘು ಗುರು ಎಣಿಸಿ ಬೆಳೆದ ನನಗೆ ಆ ವಾದ ಓದುವಾಗ ಮೈ ಜುಮ್ಮೆಂದಿತು.

ಪ್ರಶ್ನೆ: ಬರೀ ಗಂಡಸರ ಪದ್ಯಗಳೇನಾ? (ಮೈಸೂರು ರಸ್ತೆಯ ಓದುಗರು)

ಅಲ್ಲ. ಹೆಚ್ಚು ಹೊತ್ತು ಮಾತು ನಡೆದದ್ದೇ ಲಿ ಚಿಂಗ್‌ಝಾವ್ ಬಗ್ಗೆ. ಹುಟ್ಟಿದ್ದು 1084ರಲ್ಲಿ, ಸಾಂಗ್ ದೊರೆಗಳ ಕಾಲ. ಗಂಡ ಹೆಂಡತಿ ಇಬ್ಬರೂ ಸೇರಿ ಹಳೆಯ ಕಂಚಿನ ಪಾತ್ರೆ, ಕಲ್ಬರಹದ ಅಚ್ಚು, ಪುಸ್ತಕ ಕೂಡಿಡುತ್ತಿದ್ದರು. 1127ರಲ್ಲಿ ರಾಜಧಾನಿ ಕೈಫೆಂಗ್ ಶತ್ರುಗಳ ಕೈಗೆ ಬಿತ್ತು, ದಕ್ಷಿಣಕ್ಕೆ ಓಡಬೇಕಾಯಿತು. 1129ರಲ್ಲಿ ಗಂಡ ತೀರಿಕೊಂಡ. ಕೂಡಿಟ್ಟದ್ದರಲ್ಲಿ ಹೆಚ್ಚಿನದೆಲ್ಲ ಒಂದೊಂದಾಗಿ ಕೈಬಿಟ್ಟಿತು.

ಅವಳ ಒಂದು ಪದ್ಯ ಹದಿನಾಲ್ಕು ಅಕ್ಷರದಿಂದ ಶುರುವಾಗುತ್ತದೆ, ಏಳು ಪದ, ಏಳೂ ಜೋಡಿ ಜೋಡಿ. ಶ್ಯುನ್ ಶ್ಯುನ್ ಮಿ ಮಿ, ಲೆಂಗ್ ಲೆಂಗ್ ಚಿಂಗ್ ಚಿಂಗ್... ಬೇರೆ ಭಾಷೆಗೆ ಒಯ್ಯುವವರು ಇಲ್ಲಿ ತುಂಬಾ ಕಷ್ಟಪಡುತ್ತಾರೆ. ಕನ್ನಡಕ್ಕೆ ಮಾತ್ರ ಇದು ಮನೆಯ ಮಾತು! ಹುಡುಕಿ ಹುಡುಕಿ, ತಡಕಿ ತಡಕಿ, ತಣ್ಣ ತಣ್ಣಗೆ, ಬಿಕೋ ಬಿಕೋ ಅಂತ ಕೂತಲ್ಲೇ ಬಂತು. ನಾವು ದಿನಾ ಆಡುವ ಜೋಡಿ ಮಾತುಗಳು ಇಷ್ಟು ದೂರದ ಹೆಂಗಸಿನ ದುಃಖಕ್ಕೆ ಸರಿಯಾಗಿ ಹೊಂದಿಕೊಂಡದ್ದು ನೋಡಿ ಖುಷಿಯಾಯಿತು. ಐದನೇ ಜೋಡಿ ಹೊತ್ತಿಗೆ ನಮ್ಮ ಪದ ಮುಗಿದವು, ಅವಳದ್ದು ಮುಗಿದಿರಲಿಲ್ಲ. ಆರನೆಯದಕ್ಕೆ 'ಕುದಿ ಕುದಿ' ಅಂತ ಯಾರೋ ಅಂದರು, ನನಗೆ ಒಪ್ಪಿಗೆಯಾಗಲಿಲ್ಲ. ಅದು ಬಿಸಿ ಪದ, ಅವಳದ್ದು ತಣ್ಣಗಿನ ದುಃಖ.

ಆ ಥರದ ಪದ್ಯವನ್ನು ಮೊದಲೇ ಇರುವ ಮಟ್ಟಿಗೆ ಕಟ್ಟುತ್ತಿದ್ದರು, ನಮ್ಮ ಯಕ್ಷಗಾನದ ಪದಗಳ ಹಾಗೆ. ಮೇಲೆ ಬರೆದಿರುವ ಹೆಸರು ಪದ್ಯದ್ದಲ್ಲ, ಮಟ್ಟಿನದು. ಆ ಕಾಲದ ರಾಗಗಳಲ್ಲಿ ಹೆಚ್ಚಿನವು ಈಗಿಲ್ಲ, ಮಾತು ಮಾತ್ರ ಉಳಿದಿದೆ.

ಪ್ರಶ್ನೆ: ಸಾವಿರ ವರ್ಷದ ಹಿಂದೆ ಕವಿಗಳು ಈಗ ಓದುವ ಹಾಗೇ ಉಚ್ಚರಿಸುತ್ತಿದ್ದರಾ? ಇಲ್ಲ ಅಂದರೆ ನಾವು ಕೇಳೋದು ಏನನ್ನು? (ರಾಜಾಜಿನಗರ)

ಒಳ್ಳೇ ಪ್ರಶ್ನೆ. ಹಾಗೇ ಇರಲಿಲ್ಲ. ಪಂಪ ಬರೆದ ೞ, ಱ ನಮ್ಮ ಬಾಯಿಂದ ಹೋಗಿವೆ. ಅವನ ಕಣ್, ಕಾಲ್, ಮಣ್ ನಮ್ಮ ಬಾಯಲ್ಲಿ ಕಣ್ಣು, ಕಾಲು, ಮಣ್ಣು ಆಗಿವೆ. ಅಲ್ಲೂ ಹಾಗೇ ಆಗಿದೆ. ಟಾಂಗ್ ಕಾಲದಲ್ಲಿ ಪ್, ತ್, ಕ್ ಅಂತ ಥಟ್ಟನೆ ನಿಲ್ಲುವ ಪದಗಳಿದ್ದವು. ಮ್ಯಾಂಡರಿನ್ ಆ ನಿಲುಗಡೆಯನ್ನು ಕಳೆದುಕೊಂಡಿದೆ, ದಕ್ಷಿಣದ ಕ್ಯಾಂಟೊನೀಸ್ ಇನ್ನೂ ಇಟ್ಟುಕೊಂಡಿದೆ.

ಇದನ್ನು ತೋರಿಸೋಕೆ ಟೀಚರ್ ಒಂದು ಪದ್ಯವನ್ನು ಎರಡೂ ಬಾಯಲ್ಲಿ ಓದಿದರು. ಲ್ಯು ಝೊಂಗ್‌ಯುವಾನ್‌ನದು, 773ರಿಂದ 819. ಆಡಳಿತ ಸುಧಾರಿಸಲು ಹೊರಟ ಗುಂಪಿನಲ್ಲಿದ್ದ, ಗುಂಪು ಸೋತಿತು, 805ರಲ್ಲಿ ಅವನನ್ನು ದೂರದ ಯೊಂಗ್‌ಝೊಗೆ ಅಟ್ಟಿದರು. ಹತ್ತು ವರ್ಷ ಅಲ್ಲಿದ್ದ. ಪದ್ಯದಲ್ಲಿ ಇರೋದು ಇಷ್ಟೇ: ಸಾವಿರ ಬೆಟ್ಟದಲ್ಲಿ ಹಕ್ಕಿ ಹಾರಾಟ ನಿಂತಿದೆ. ಹತ್ತು ಸಾವಿರ ದಾರಿಯಲ್ಲಿ ಹೆಜ್ಜೆ ಗುರುತು ಅಳಿದಿದೆ. ಒಂಟಿ ದೋಣಿ, ಹುಲ್ಲಿನ ಗೊರಬು, ಬಿದಿರ ಟೋಪಿ, ಒಬ್ಬ ಮುದುಕ. ಒಬ್ಬನೇ ಗಾಳ ಹಾಕಿದ್ದಾನೆ ಚಳಿ ಹೊಳೆಯ ಹಿಮಕ್ಕೆ. ಸಾಲುಗಳ ಮೊದಲ ಪದ ಮಾತ್ರ ಓದುತ್ತಾ ಬನ್ನಿ: ಸಾವಿರ, ಹತ್ತು ಸಾವಿರ, ಒಂಟಿ, ಒಬ್ಬನೇ.

ಪ್ರಾಸದ ಪದ ಮೂರು: ನಿಂತದ್ದು, ಅಳಿದದ್ದು, ಹಿಮ. ಮ್ಯಾಂಡರಿನ್‌ನಲ್ಲಿ ಮೂರೂ ತೆರೆದ ಬಾಯಲ್ಲಿ ಹಗುರವಾಗಿ ಹೋಗುತ್ತವೆ. ಕ್ಯಾಂಟೊನೀಸ್‌ನಲ್ಲಿ ಮೂರೂ 'ತ್' ಅಂತ ನಿಲ್ಲುತ್ತವೆ: ಜ್ಯೂತ್, ಮಿತ್, ಸ್ಯೂತ್. ನಾಲಿಗೆ ಹಲ್ಲಿಗೆ ಅಂಟಿ ಉಸಿರೇ ಕಟ್. ಹಕ್ಕಿ ನಿಂತಿತು ಅನ್ನುವಾಗ ಬಾಯೂ ನಿಲ್ಲುತ್ತದೆ. ಮುಂದಿನ ಸಾಲಿನ ಮೇಷ್ಟ್ರ ಹೆಬ್ಬೆರಳು ಆ 'ತ್'ಗೆ ಗೆಣ್ಣಿನ ಮೇಲೆಯೇ ನಿಂತುಬಿಟ್ಟಿತು.

ಪ್ರಶ್ನೆ: ಏಳು ವರ್ಷದ ಮಗಳನ್ನು ಕರೆತರಬಹುದಾ? (ಬನಶಂಕರಿಯ ತಂದೆಯೊಬ್ಬರು)

ಕರೆತನ್ನಿ, ಮೊದಲ ಅರ್ಧ ಗಂಟೆಗೆ. ಅಲ್ಲಿನ ಮಕ್ಕಳು ಆ ವಯಸ್ಸಿಗೇ ಬಾಯಿಪಾಠ ಮಾಡುವ ಒಂದು ಪದ್ಯ ಓದುತ್ತಾರಂತೆ, ಲುವೊ ಬಿನ್‌ವಾಂಗ್ ಬರೆದದ್ದು. ಅವನೂ ಏಳನೇ ವಯಸ್ಸಿನಲ್ಲಿ ಇದನ್ನು ಕಟ್ಟಿದ ಅಂತ ಹೇಳುತ್ತಾರೆ. ಒಟ್ಟು ಹದಿನೆಂಟು ಅಕ್ಷರ. ಹೆಬ್ಬಾತು, ಹೆಬ್ಬಾತು, ಹೆಬ್ಬಾತು! ಕೊರಳು ಬಾಗಿಸಿ ಆಕಾಶಕ್ಕೆ ಹಾಡುತ್ತದೆ, ಬಿಳಿ ಗರಿ ಹಸಿರು ನೀರಲ್ಲಿ ತೇಲುತ್ತದೆ, ಕೆಂಪು ಪಾದ ತಿಳಿ ಅಲೆಯನ್ನು ತಳ್ಳುತ್ತದೆ. ಹೆಬ್ಬಾತಿಗೆ ಅವರ ಪದ 'ಅ' ಥರದ ಒಂದೇ ಸದ್ದು, ಮೇಲಕ್ಕೇರುವ ಸ್ವರ. ಮನೆಯಲ್ಲೇ ಒಂದು ಸಲ ಹೇಳಿಸಿ ನೋಡಿ, ಮೂರನೇ 'ಅ' ಹೊತ್ತಿಗೆ ಮಗುವಿನ ಕೊರಳು ತಾನಾಗಿಯೇ ಮೇಲೆ ಹೋಗಿರುತ್ತದೆ.